ಮಗು ಅಂಬೆಗಾಲು ಇಡ್ತಿಲ್ಲ, ಕೂತ್ಕೊಂಡೇ ಜರುಗ್ತಾಳೆ. ವಾಕರ್ ತರೋದಾ ಬೇಡ್ವಾ?

ಚಿನ್ನುಅಮ್ಮ_ಅರಸೀಕೆರೆ:

ಎಲ್ರಿಗೂ ನಮಸ್ಕಾರ. ಇಲ್ಲಿ ಸುಮಾರು ದಿನದಿಂದ ಓದ್ತಾ ಇದೀನಿ, ಬರೀತಿರೋದು ಇದೇ ಮೊದಲು. ಮಗು ಈಗಷ್ಟೇ ತೊಡೆ ಮೇಲೆ ನಿದ್ದೆ ಹೋಗಿದೆ, ಒಂದೇ ಕೈಲಿ ಟೈಪ್ ಮಾಡ್ತಿದೀನಿ, ಅಕ್ಷರ ಆಚೀಚೆ ಆದ್ರೆ ಸುಧಾರಿಸ್ಕೊಳ್ಳಿ.

ಮಗಳಿಗೆ ಎಂಟು ತಿಂಗಳು ತುಂಬಿದೆ. ಬಾಣಂತನಕ್ಕೆ ಅಂತ ಅರಸೀಕೆರೇಲಿ ಅಮ್ಮನ ಮನೇಲಿದ್ದೆ, 26 ವಾರದ ರಜೆ ಮುಗೀತು, ಅದರ ಮೇಲೆ ಇದ್ದಬದ್ದ ರಜೆನೆಲ್ಲ ಜೋಡಿಸಿ ಎಳೆದಷ್ಟು ಎಳೆದೆ, ಈಗ ಬೆಂಗಳೂರಿಗೆ ಬಂದು ಮನೆಯಿಂದಾನೇ ಕೆಲಸ ಶುರು ಮಾಡಿದೀನಿ. ಅತ್ತೆ ಬಂದಿದಾರೆ ಜೊತೇಲಿ. ಅಮ್ಮನ ಮನೇಲಿ ಇರೋವರೆಗೂ ಎಲ್ಲ ಚೆನ್ನಾಗೇ ಇತ್ತು, ಬೋರಲು ಬಿದ್ಲು ಅಂತ ಅಮ್ಮ ಕೊಬ್ಬರಿ ಮಿಠಾಯಿ ಮಾಡಿ ಬೀದಿಗೆಲ್ಲ ಹಂಚಿ ಬಂದಿದ್ರು. ಇಲ್ಲಿಗೆ ಬಂದ ಮೇಲೆ ಶುರು ಆಯ್ತು ನೋಡಿ, ಎದುರು ಮನೆ ಹುಡುಗ ಇವಳಿಗಿಂತ ಚಿಕ್ಕವನು, ಆಗ್ಲೇ ಅಂಬೆಗಾಲಲ್ಲಿ ಬಾಗಿಲು ದಾಟಿ ಬಂದು ನಮ್ಮ ಚಪ್ಪಲಿ ಸ್ಟ್ಯಾಂಡ್ ಹತ್ರ ಕೂತಿರ್ತಾನೆ, ಅವರಮ್ಮ ದಿನಾ "ಇನ್ನೂ ಇಲ್ವಾ? ಇನ್ನೂ ಇಲ್ವಾ?" ಅಂತ ಕೇಳೋದು.

ನಮ್ಮವಳು ಒಬ್ಳೇ ಕೂರ್ತಾಳೆ, ಬೀಳಲ್ಲ. ಆದ್ರೆ ಹೊಟ್ಟೆ ಮೇಲೆ ಹಾಕಿದ್ರೆ ಸಾಕು, ಮುಖ ಟೊಮ್ಯಾಟೋ ಥರ ಕೆಂಪಗೆ ಮಾಡ್ಕೊಂಡು ಅಳ್ತಾಳೆ. ಮಂಡಿ ಊರೋದೇ ಇಲ್ಲ. ಬದಲಿಗೆ ಏನ್ ಮಾಡ್ತಾಳೆ ಅಂದ್ರೆ ಕೂತಲ್ಲೇ ಎಡಗಾಲು ಮಡಚಿ ಒಳಗೆ ಹಾಕ್ಕೋತಾಳೆ, ಬಲಗಾಲಿನ ಹಿಮ್ಮಡಿ ಮುಂದಕ್ಕೆ ಊರಿ, ಒಂದು ಕೈಲಿ ನೆಲ ತಳ್ಕೊಂಡು ಕುಂಡೀಲೇ ಜರುಗ್ತಾಳೆ. ಸೋಫಾದಿಂದ ಟೀವಿ ಸ್ಟ್ಯಾಂಡಿಗೆ ಹೀಗೇ ಹೋಗಿ ಸೆಟ್ ಟಾಪ್ ಬಾಕ್ಸ್ ವೈರ್ ಎಳೀತಾಳೆ. ಸ್ಪೀಡ್ ಏನೂ ಕಮ್ಮಿ ಇಲ್ಲ.

ಅತ್ತೆ ಹೇಳೋದು ಅಂಬೆಗಾಲು ಇಡದೆ ಹೋದ್ರೆ ಸೊಂಟಕ್ಕೆ ಕಾಲಿಗೆ ಬಲ ಬರಲ್ಲ, ವಾಕರ್ ತಂದುಬಿಡಿ, ನನ್ನ ಮಗ ಅದರಲ್ಲೇ ನಡೆಯೋದು ಕಲ್ತಿದ್ದು ಅಂತ. ಮೈದುನ ಅಷ್ಟೊತ್ತಿಗೆ ಆನ್‌ಲೈನಲ್ಲಿ ಒಂದು ಬುಕ್ಕೇ ಮಾಡಿಬಿಟ್ಟಿದಾನೆ, ಲೈಟು ಮ್ಯೂಸಿಕ್ಕು ಎಲ್ಲ ಇರೋದು. ನಾಳೆ ನಾಡಿದ್ದು ಬರುತ್ತೆ. ನಂಗೆ ಮನಸ್ಸಿಗೆ ಯಾಕೋ ಒಪ್ತಿಲ್ಲ ಆದ್ರೆ ಯಾಕೆ ಅಂತ ಹೇಳಕ್ಕೂ ಬರ್ತಿಲ್ಲ.

ಇನ್ನೊಂದು, ರಾಗಿ ಸರಿ ಬಾಯಿಗಿಟ್ರೆ ನಾಲಿಗೇಲಿ ಆಚೆ ತಳ್ತಾಳೆ. ಅದರ ಬಗ್ಗೆನೂ ಯಾರಾದ್ರೂ ಹೇಳಿ.

ಕುಂದಾಪ್ರದಕ್ಕ:

ಎಂತ ಮಾರಾಯ್ರೆ ಇದಕ್ಕೆಲ್ಲ ಹೆದರೂದಾ. ನನ್ನ ದೊಡ್ಡವಳು ಅಂಬೆಗಾಲು ಇಟ್ಟವಳೇ ಅಲ್ಲ, ಹೀಗೇ ಕೂತ್ಕೊಂಡೇ ಇಡೀ ಜಗಲಿ ಸುತ್ತಿ ಬರ್ತಿದ್ಲು, ಕೆಂಪು ಸಿಮೆಂಟಿನ ನೆಲ, ಜಾರ್ತದೆ ಒಳ್ಳೆ. ಈಗ ಹೈಸ್ಕೂಲಲ್ಲಿ ಖೋಖೋ ಆಡ್ತಾಳೆ. ಆ ಎದುರು ಮನೆಯವರು ಇನ್ನೊಂದ್ಸಲ ಕೇಳಿದ್ರೆ "ಹಲ್ಲು ಬಂತಾ ನಿಮ್ಮವನಿಗೆ?" ಅಂತ ನೀವೇ ತಿರುಗಿ ಕೇಳಿ, ಮತ್ತೆ ಸುದ್ದಿಗೆ ಬರೂದಿಲ್ಲ.

ರಾಗಿ ಆಚೆ ತಳ್ಳೂದು ಇಷ್ಟ ಇಲ್ಲ ಅಂತ ಅಲ್ಲ. ಇಷ್ಟು ದಿನ ಹಾಲು ಚೀಪಿ ಅಭ್ಯಾಸ, ಚಮಚದಲ್ಲಿ ಬಂದದ್ದನ್ನ ಒಳಗೆ ತಕೊಳ್ಳೂದು ನಾಲಿಗೆಗೆ ಗೊತ್ತಾಗಬೇಕಲ್ಲ. ನೀವು ನೀರು ನೀರು ಮಾಡಿ ಕೊಡ್ತಿದ್ದೀರೋ ಗಟ್ಟಿ ಮಾಡ್ತೀರೋ ಅದು ಹೇಳಿ ಮೊದ್ಲು. ಹಿಟ್ಟು ಅಂಗಡೀದಾ ಮನೇದಾ?

ಮಂಡ್ಯದ್_ಹೈದ:

ಅಕ್ಕ ಸುಮ್ನೆ ತಲೆ ಕೆಡಿಸ್ಕಬ್ಯಾಡ, ವಾಕರ್ ಬತ್ತಾ ಅದಲ್ಲ, ಕೂರ್ಸು. ನಮ್ಮನೇಲಿ ಎರಡೂ ಮಕ್ಕಳು ಅದರಲ್ಲೇ ಬೆಳದವೆ, ಏನೂ ಆಗಿಲ್ಲ, ಕಲ್ಲಂಗವ್ರೆ. ನಮ್ಮವ್ವನಿಗೆ ಒಲೆ ಮುಂದೆ ಕೆಲ್ಸ ಮಾಡ್ಕಳಕ್ಕೆ ಒಂದ್ ಅರ್ಧ ಗಂಟೆ ಬಿಡುವು ಸಿಕ್ತಿತ್ತು ಅದರಿಂದ. ಈಗಿನ ಕಾಲದಲ್ಲಿ ಎಲ್ಲದಕ್ಕೂ ಬ್ಯಾಡ ಬ್ಯಾಡ ಅಂತವ್ರೆ, ತೊಟ್ಲು ಬ್ಯಾಡ, ಕಾಡಿಗೆ ಬ್ಯಾಡ, ಬಜೆ ಬ್ಯಾಡ, ಜೇನುತುಪ್ಪ ಬ್ಯಾಡ. ನಾವೆಲ್ಲ ಹೆಂಗ್ ಬೆಳದ್ವಿ ಹಂಗಾದ್ರೆ?

ಟೊರಾಂಟೋ_ಅಪ್ಪ:

ಮಂಡ್ಯದ್ ಹೈದ ಅವ್ರೆ ಬೇಜಾರ್ ಮಾಡ್ಕೋಬೇಡಿ, ಆದ್ರೆ ಈ ವಿಷಯದಲ್ಲಿ ನಾನು ಒಪ್ಪಲ್ಲ. ನಾವಿರೋದು ಕೆನಡಾದಲ್ಲಿ. ಮಗ ಹುಟ್ಟಿದಾಗ ನಮ್ಮಪ್ಪ ಮೈಸೂರಿಂದ ಬರ್ತಾ ಮೊಮ್ಮಗನಿಗೆ ಅಂತ ವಾಕರ್ ತರ್ತೀನಿ ಅಂದ್ರು, ನಾನು ಸುಮ್ನೆ ಬ್ಯಾಗೇಜ್ ಲೆಕ್ಕ ನೋಡೋಣ ಅಂತ ಹುಡುಕಿದಾಗ ಗೊತ್ತಾಗಿದ್ದು, ಇಲ್ಲಿ ಬೇಬಿ ವಾಕರ್ 2004ರಿಂದ ಪೂರ್ತಿ ಬ್ಯಾನ್. ಅಂಗಡೀಲಿ ಮಾರೋ ಹಾಗಿಲ್ಲ, ಹೊರದೇಶದಿಂದ ತರೋ ಹಾಗಿಲ್ಲ, ಜಾಹೀರಾತು ಕೊಡೋ ಹಾಗಿಲ್ಲ, ಹಳೇದನ್ನ ಮನೆ ಮುಂದೆ ಗರಾಜ್ ಸೇಲ್ ಅಂತ ಇಡ್ತಾರಲ್ಲ ಅದರಲ್ಲೂ ಇಡೋ ಹಾಗಿಲ್ಲ. ಅಪ್ಪ ಫೋನಲ್ಲಿ ಅರ್ಧ ಗಂಟೆ ನಕ್ಕರು, "ಗನ್ ಅಂದ್ಕೊಂಡಿದಾರಾ ಅದನ್ನ" ಅಂತ.

ಕಾರಣ ನಡಿಗೆ ಲೇಟ್ ಆಗುತ್ತೆ ಅನ್ನೋದು ಮಾತ್ರ ಅಲ್ಲ, ಮುಖ್ಯವಾಗಿ ಪೆಟ್ಟು. ಚಕ್ರ ಇರೋದ್ರಿಂದ ಒಂದು ಸೆಕೆಂಡಿಗೆ ಮೂರಡಿಗಿಂತ ಜಾಸ್ತಿ ಹೋಗ್ತವೆ ಮಕ್ಕಳು, ನಾವು ಪಕ್ಕದಲ್ಲೇ ನಿಂತಿದ್ರೂ ಹಿಡಿಯಕ್ಕಾಗಲ್ಲ. ಮೆಟ್ಟಿಲಿಂದ ವಾಕರ್ ಸಮೇತ ಉರುಳಿ ತಲೆಗೆ ಪೆಟ್ಟಾದ ಕೇಸುಗಳೇ ಹೆಚ್ಚು. ಅಮೆರಿಕದ ಮಕ್ಕಳ ಡಾಕ್ಟರ್‌ಗಳ ಸಂಘ ಕೂಡ ಅಲ್ಲಿ ಬ್ಯಾನ್ ಮಾಡಿ ಅಂತ ಕೇಳ್ತಾನೇ ಇದೆ. ನಮ್ಮೂರ ಮನೆಗಳಲ್ಲಿ ಒಳಗೆ ಮೆಟ್ಟಿಲಿಲ್ಲ ಅಂತೀರಾ, ಹೊಸಿಲಿದೆಯಲ್ಲ, ಸಿಟ್ಔಟಿಂದ ಕೆಳಗೆ ಎರಡು ಮೆಟ್ಟಿಲಿದೆಯಲ್ಲ. ಮತ್ತೆ ಅದರಲ್ಲಿ ಮಗು ನಿಂತಿರೋ ಎತ್ತರಕ್ಕೆ ಡೈನಿಂಗ್ ಟೇಬಲ್ ಅಂಚು, ಬಿಸಿ ಸಾರಿನ ಪಾತ್ರೆ, ಇಸ್ತ್ರಿ ಪೆಟ್ಟಿಗೆ ವೈರು, ದೇವರ ಮುಂದಿನ ದೀಪ ಎಲ್ಲ ಕೈಗೆ ಸಿಗುತ್ತೆ. ನೆಲದ ಮೇಲೆ ಜರುಗೋ ಮಗುಗೆ ಇಷ್ಟು ಸಿಗಲ್ಲ.

ವಾಕರಲ್ಲಿ ಕೂತ ಮಗು ನಡೆಯೋದು ಕಲಿಯಲ್ಲ, ಬೆರಳ ತುದೀಲಿ ನೆಲ ಒದೀತಾ ಹೋಗುತ್ತೆ. ತೂಕ ಹೊರೋದು ಸೀಟು, ಕಾಲಲ್ಲ. ಬ್ಯಾಲೆನ್ಸ್ ಮಾಡೋ ಕೆಲಸನೇ ಇಲ್ಲ ಅದಕ್ಕೆ.

ಮಂಡ್ಯದ್_ಹೈದ:

ಸರ್ ನಿಮ್ದು ಕೆನಡಾ, ಮೂರು ಅಂತಸ್ತಿನ ಮರದ ಮನೆ, ನಮ್ದು ಹಂಚಿನ ಮನೆ, ಒಂದೇ ಲೆವೆಲ್ಲು. ಆಯ್ತು ಬುಡಿ. ಹೊಸಿಲಿಗೆ ಒಂದ್ಸಲ ಡಿಕ್ಕಿ ಹೊಡದು ಮುಂದಕ್ಕೆ ಮುಗ್ಗರಿಸಿದ್ದ ಚಿಕ್ಕೋನು, ಅದು ನಿಜ. ತುಟಿ ಸ್ವಲ್ಪ ಒಡದಿತ್ತು.

ಸಿಸ್ಟರ್_ಚಿತ್ರದುರ್ಗ:

ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್, ದಿನಾ ಇಂಜೆಕ್ಷನ್‌ಗೆ ಬರೋ ಅಮ್ಮಂದಿರು ಕೇಳೋದು ಇದನ್ನೇ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಮೊದಲು ಅಂಬೆಗಾಲಿನ ವಿಷಯ. ಡಬ್ಲ್ಯೂಎಚ್‌ಓದವರು ಘಾನಾ, ಇಂಡಿಯಾ, ನಾರ್ವೆ, ಓಮನ್, ಅಮೆರಿಕ ಈ ಐದು ದೇಶದ ಆರೋಗ್ಯವಂತ ಮಕ್ಕಳನ್ನ ಬೆನ್ನು ಹತ್ತಿ ನೋಡಿ 2006ರಲ್ಲಿ ಒಂದು ಲೆಕ್ಕ ಕೊಟ್ಟಿದ್ದಾರೆ, ನಮ್ಮ ದೇಶದ ಮಕ್ಕಳು ದೆಹಲಿಯವರು. ಅದರ ಪ್ರಕಾರ ಆಸರೆ ಇಲ್ಲದೆ ಕೂರೋದು 3.8 ತಿಂಗಳಿಂದ 9.2 ತಿಂಗಳೊಳಗೆ ಯಾವಾಗ ಬೇಕಾದ್ರೂ ಆಗಬಹುದು. ಮಂಡಿ ಊರಿ ಅಂಬೆಗಾಲು 5.2ರಿಂದ 13.5 ತಿಂಗಳು. ಒಬ್ಬರೇ ನಡೆಯೋದು 8.2ರಿಂದ 17.6. ಎಷ್ಟು ಅಗಲ ಇದೆ ನೋಡಿ, ಎದುರು ಮನೆ ಹುಡುಗನೂ ಇದರೊಳಗೇ ಇದಾನೆ ನಿಮ್ಮ ಮಗಳೂ ಇದರೊಳಗೇ ಇದಾಳೆ. ಆ ಮಕ್ಕಳಲ್ಲಿ ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲೇ ಇಡದೆ ಸೀದಾ ಎದ್ದು ನಡೆದಿದ್ದಾವೆ. ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿಯವರು 2022ರಲ್ಲಿ ತಮ್ಮ ಮೈಲಿಗಲ್ಲಿನ ಪಟ್ಟಿಯಿಂದ ಅಂಬೆಗಾಲನ್ನ ತೆಗೆದೇ ಹಾಕಿದ್ದಾರೆ. ಸೊಂಟಕ್ಕೆ ಬಲ ಬರಲ್ಲ ಅನ್ನೋದಕ್ಕೆ ಆಧಾರ ಇಲ್ಲ, ಅತ್ತೆಯವರಿಗೆ ನಿಧಾನಕ್ಕೆ ಹೇಳಿ.

ಹೀಗೆ ಕುಂಡೀಲಿ ಜರುಗೋ ಮಕ್ಕಳದ್ದು ಒಂದು ಗುಂಪೇ ಇದೆ. ಬೋರಲು ಹಾಕಿದ್ರೆ ಅಳೋದು ಇವುಗಳ ಗುಣ. ಇನ್ನೊಂದು ಗುಣ ಹೇಳ್ತೀನಿ ನೀವೇ ಮಾಡಿ ನೋಡಿ, ಕಂಕುಳಿಗೆ ಕೈ ಕೊಟ್ಟು ನಿಲ್ಲಿಸೋಕೆ ಹೋದ್ರೆ ಕಾಲು ನೆಲಕ್ಕೆ ಊರೋದಿಲ್ಲ, ಗಾಳಿಯಲ್ಲೇ ಕುರ್ಚಿ ಇದೆಯೇನೋ ಅನ್ನೋ ಹಾಗೆ ಎರಡೂ ಕಾಲು ಮುಂದಕ್ಕೆ ಚಾಚ್ಕೊಂಡು ಕೂತುಬಿಡ್ತವೆ. ಈ ಮಕ್ಕಳು ನಡೆಯೋದು ಉಳಿದವರಿಗಿಂತ ಸ್ವಲ್ಪ ತಡ, ಒಂದೂವರೆ ವರ್ಷ ಆಗಬಹುದು, ಕೆಲವರಿಗೆ ಅದಕ್ಕೂ ಮೇಲೆ. ತುಂಬಾ ಸಲ ಮನೆತನದಲ್ಲೇ ಇರುತ್ತೆ. ಅಪ್ಪನೋ ಅಮ್ಮನೋ ಚಿಕ್ಕಪ್ಪನೋ ಚಿಕ್ಕವರಿದ್ದಾಗ ಹೀಗೇ ಜರುಗ್ತಿದ್ರಾ ಅಂತ ಹಿರಿಯರನ್ನ ವಿಚಾರಿಸಿ.

ಈಗ ನನ್ನ ಪ್ರಶ್ನೆಗಳು. ಮಗು ದಿನ ತುಂಬಿ ಹುಟ್ಟಿದ್ದಾ, ಮುಂಚೆ ಆಗಿದ್ದಾ? ಆಟದ ಸಾಮಾನು ಕೊಟ್ರೆ ಎರಡೂ ಕೈಲಿ ತಗೋತಾಳಾ ಇಲ್ಲ ಯಾವಾಗಲೂ ಒಂದೇ ಕೈನಾ? ಎತ್ಕೊಂಡಾಗ ಮೈ ತೀರಾ ಮೆತ್ತಗೆ ಜೋತು ಬೀಳುತ್ತಾ, ಅಥವಾ ಕಾಲು ಬಿಗಿ ಹಿಡ್ಕೊಂಡು ಕತ್ತರಿ ಹಾಕ್ಕೊಳ್ಳುತ್ತಾ? ಹಿಂದಿನಿಂದ ಕರೆದ್ರೆ ತಿರುಗ್ತಾಳಾ, ಬಬಬ ದದದ ಅಂತಾಳಾ? ಮುಂಚೆ ಮಾಡ್ತಿದ್ದು ಯಾವುದಾದ್ರೂ ಈಗ ನಿಂತು ಹೋಗಿದೆಯಾ? ಇವುಗಳಲ್ಲಿ ಒಂದಾದ್ರೂ ಅನುಮಾನ ಇದ್ರೆ ಮಾತ್ರ ಕಾಯಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ. ಯಾವುದೂ ಇಲ್ಲ ಅಂದ್ರೆ ನೆಮ್ಮದಿಯಾಗಿರಿ.

ತಾಯಿ ಕಾರ್ಡ್ ಇದೆಯಲ್ಲ, ಎಲ್ಲರೂ ಇಂಜೆಕ್ಷನ್ ಪುಟ ಮಾತ್ರ ತೆಗೀತಾರೆ, ಅದರಲ್ಲೇ ಯಾವ ತಿಂಗಳಿಗೆ ಮಗು ಏನು ಮಾಡಬೇಕು ಅಂತ ಚಿತ್ರ ಸಮೇತ ಪುಟಗಳಿವೆ, ತಿರುವಿ ನೋಡಿ.

@ಮಂಡ್ಯದ್_ಹೈದ: ತೊಟ್ಲು ಬೇಡ ಅಂತ ನಾವು ಯಾರೂ ಹೇಳಿಲ್ಲ ಅಣ್ಣ. ಜೇನುತುಪ್ಪ ಮಾತ್ರ ಒಂದು ವರ್ಷದ ತನಕ ಖಂಡಿತ ಬೇಡ, ಅದರಲ್ಲಿ ಬೊಟುಲಿಸಂ ಅನ್ನೋ ಕಾಯಿಲೆಯ ರೋಗಾಣು ಇರಬಹುದು, ಹಸುಗೂಸಿನ ಕರುಳು ಅದನ್ನ ತಡೆಯಲ್ಲ. ಕಾಡಿಗೆ ಹಣೆಗೋ ಪಾದಕ್ಕೋ ದೃಷ್ಟಿಬೊಟ್ಟು ಇಡಿ, ಕಣ್ಣಿಗೆ ಬೇಡ.

ಚಿನ್ನುಅಮ್ಮ_ಅರಸೀಕೆರೆ:

ಅಯ್ಯೋ ಸಿಸ್ಟರ್ ತುಂಬಾ ಥ್ಯಾಂಕ್ಸ್. ಕಂಕುಳಿಗೆ ಕೈ ಕೊಟ್ಟು ನಿಲ್ಸಿ ನೋಡ್ದೆ, ನೀವು ಹೇಳಿದ ಹಾಗೇ!! ಎರಡೂ ಕಾಲು ಮುಂದಕ್ಕೆ ಚಾಚ್ಕೊಂಡು ಮಹಾರಾಣಿ ಥರ ಕೂತುಬಿಟ್ಲು ಗಾಳೀಲಿ. ಅತ್ತೆನೂ ನೋಡಿದ್ರು.

ಕೈ ಎರಡೂ ಉಪಯೋಗಿಸ್ತಾಳೆ. ಚಮಚ ಕೊಟ್ರೆ ಈ ಕೈಯಿಂದ ಆ ಕೈಗೆ ಬದಲಾಯಿಸಿ ನೆಲಕ್ಕೆ ಕುಟ್ತಾಳೆ, ಕುಕ್ಕರ್ ವಿಷಲ್ ಆದ್ರೆ ತಿರುಗಿ ನೋಡ್ತಾಳೆ, ಅತ್ತತ್ತ ಅನ್ನೋದು ಶುರು ಮಾಡಿದಾಳೆ, ಅದಕ್ಕೆ ಅತ್ತೆ "ಅಮ್ಮಾ ಅನ್ನೋಕೂ ಮುಂಚೆ ಅತ್ತೆ ಅಂತಿದೆ ನೋಡು" ಅಂತ ಖುಷೀಲಿದಾರೆ, ಅವರು ಅವಳಿಗೆ ಅಜ್ಜಿ ಅಲ್ವಾ ಅಂತ ನಾನು ಹೇಳಕ್ಕೆ ಹೋಗಿಲ್ಲ.

ಜರುಗೋದು ಮಾತ್ರ ಹೆಚ್ಚಾಗಿ ಒಂದೇ ಕಡೆ, ಬಲಗಾಲು ಮುಂದೆ. ಅದು ತೊಂದರೆನಾ?

ದಿನ ತುಂಬಿರಲಿಲ್ಲ. 35 ವಾರಕ್ಕೇ ಆಯ್ತು, ನೀರು ಹೋಗಿ. ಆಮೇಲೆ ಎಲ್ಲ ಚೆನ್ನಾಗಿದ್ದಿದ್ರಿಂದ ಅದನ್ನ ಯಾರೂ ಲೆಕ್ಕಕ್ಕೇ ತಗೊಂಡಿಲ್ಲ, ನಾನೂ ಇಲ್ಲಿ ಬರೀಬೇಕು ಅಂತ ಹೊಳೀಲಿಲ್ಲ.

ಇನ್ನು ಮನೆತನದ ವಿಷಯ ಕೇಳಿ. ಅತ್ತೆಗೆ ಅಷ್ಟು ನೆನಪಿಲ್ಲ, ಊರಲ್ಲಿ ನಮ್ಮ ಯಜಮಾನರ ದೊಡ್ಡಮ್ಮ ಇದಾರೆ, ಅವರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ್ರು. ದೊಡ್ಡಮ್ಮ ಏನಂದ್ರು ಗೊತ್ತಾ, "ನಿನ್ನ ಗಂಡ ಕುಂಡೀಲೇ ಊರು ಸುತ್ತಿದವನು ಕಣವ್ವ, ಇದ್ದಬದ್ದ ಚಡ್ಡಿ ಎಲ್ಲ ಹಿಂದೆ ತೂತು, ನಡೆದದ್ದು ಒಂದೂವರೆ ವರ್ಷದ ಮೇಲೆ, ದೇವರಿಗೆ ಹರಕೆ ಬೇರೆ ಹೊತ್ತಿದ್ರು ನಿಮ್ಮತ್ತೆ". ಇವರು ಲ್ಯಾಪ್‌ಟಾಪ್ ಹಿಂದೆ ಮುಖ ಮುಚ್ಕೊಂಡ್ರು. ವಾಕರಲ್ಲೇ ನಡೆಯೋದು ಕಲ್ತಿದ್ದು ಅನ್ನೋ ಕಥೆ ಅಲ್ಲಿಗೆ ಬಿತ್ತು.

ಕುಂದಾಪ್ರದಕ್ಕ, ರಾಗಿ ಅಮ್ಮ ಮಾಡಿ ಕಳಿಸಿರೋದು. ನೀರಾಗೇ ಮಾಡ್ತಿದೀನಿ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ ಅಂತ ಭಯ.

ಸಿಸ್ಟರ್_ಚಿತ್ರದುರ್ಗ:

ನೋಡಿ ಇದನ್ನೇ ನಾನು ಕೇಳಬೇಕು ಅಂತಿದ್ದಿದ್ದು. 35 ವಾರಕ್ಕೆ ಹುಟ್ಟಿದ್ರೆ ಐದು ವಾರ ಮುಂಚೆ. ಬೆಳವಣಿಗೆ ನೋಡೋವಾಗ ಆ ಐದು ವಾರ ಕಳೆದು ನೋಡಬೇಕು, ಅಂದ್ರೆ ನಿಮ್ಮ ಮಗಳು ಲೆಕ್ಕಕ್ಕೆ ಏಳು ತಿಂಗಳಿಗೂ ಸ್ವಲ್ಪ ಕಮ್ಮಿ. ಏಳು ತಿಂಗಳೂ ತುಂಬದ ಮಗು ಒಬ್ಬಳೇ ಗಟ್ಟಿಯಾಗಿ ಕೂತು ಟೀವಿ ಸ್ಟ್ಯಾಂಡ್ ತನಕ ಹೋಗ್ತಾಳೆ ಅಂದ್ರೆ ಯಾರು ಹಿಂದೆ ಯಾರು ಮುಂದೆ ನೀವೇ ಹೇಳಿ. ಎರಡು ವರ್ಷ ಆಗೋವರೆಗೂ ಹೀಗೆ ಕಳೆದೇ ನೋಡೋದು ಪದ್ಧತಿ.

ಆದ್ರೆ ಇಂಜೆಕ್ಷನ್‌ಗೆ ಕಳೆಯೋ ಹಾಗಿಲ್ಲ. ಅದು ಹುಟ್ಟಿದ ತಾರೀಖಿನ ಲೆಕ್ಕವೇ. ಒಂಬತ್ತು ತಿಂಗಳು ತುಂಬಿದ ತಕ್ಷಣ ದಡಾರ ರುಬೆಲ್ಲಾ ಮೊದಲ ಡೋಸ್, ನ್ಯುಮೋನಿಯಾ ತಡೆಯೋ ಪಿಸಿವಿ ಬೂಸ್ಟರ್, ಪೋಲಿಯೋ ಇಂಜೆಕ್ಷನ್‌ದು ಮೂರನೇ ಡೋಸ್, ಜೊತೆಗೆ ವಿಟಮಿನ್ ಎ ಬಾಯಿಗೆ. ಬೆಂಗಳೂರಿಗೆ ಬಂದ್ವಿ ಅಂತ ಊರಿನ ಕಾರ್ಡ್ ಬಿಟ್ಟು ಹೊಸದು ಮಾಡಿಸಬೇಡಿ, ಅದನ್ನೇ ತಗೊಂಡು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ.

ಒಂದೇ ಕಡೆ ಜರುಗೋದು ಈ ಮಕ್ಕಳಲ್ಲಿ ಸಾಮಾನ್ಯ, ಕೈ ಎರಡೂ ಸಮ ಇದೆ ಅಂತೀರಲ್ಲ, ಅದೇ ಮುಖ್ಯ. ಆದ್ರೂ ದಿನಕ್ಕೆ ಮುಂಚೆ ಹುಟ್ಟಿದ ಮಗು ಆದ್ದರಿಂದ ಒಂಬತ್ತು ತಿಂಗಳ ಇಂಜೆಕ್ಷನ್‌ಗೆ ಹೋದಾಗ ಡಾಕ್ಟರಿಗೆ ಬಾಯಲ್ಲಿ ಹೇಳಿ, ಫೋನಲ್ಲಿ ಒಂದು ವಿಡಿಯೋ ಮಾಡ್ಕೊಂಡು ಹೋಗಿ ತೋರಿಸಿ. ಅಲ್ಲಿ ಹೋದ ಮೇಲೆ ಇವು ಏನೂ ಮಾಡಲ್ಲ, ಅಮ್ಮನ ಸೆರಗು ಹಿಡ್ಕೊಂಡು ಅಳೋದೊಂದೇ.

ಧಾರವಾಡ_ಪಾಲಕ:

ನಮಸ್ಕಾರ್ರಿ. ಸಿಸ್ಟರ್ ಎಲ್ಲಾ ಭಾಳ ಚಂದ ಹೇಳ್ಯಾರ, ನಾ ಒಂದೆರಡ ಮಾತ ಸೇರಸ್ತೇನಿ. ನಮ್ಮ ಮನ್ಯಾಗ ಹೆಂಡ್ತಿ ಬ್ಯಾಂಕಿಗೆ ಹೋಗ್ತಾಳ, ನಂದು ಮನ್ಯಾಗ ಕುಂತ ಮಾಡೋ ಕೆಲಸ, ಹಿಂಗಾಗಿ ಕೂಸಿನ ಜೋಡಿ ಹಗಲೆಲ್ಲಾ ನಾನ.

ಏನ್ ಆಕ್ಕದ ಅಂದ್ರ, ಮನ್ಯಾಗ ಮಂದಿ ಜಾಸ್ತಿ ಇದ್ರ ಕೂಸು ನೆಲಕ್ಕ ಇಳಿಯೋದ ಇಲ್ಲ. ಅಜ್ಜಿ ತೊಡಿಮ್ಯಾಲಿಂದ ಅಜ್ಜನ ತೊಡಿ, ಅಲ್ಲಿಂದ ಬಾಜೂ ಮನಿ ಕಾಕೂ ಹೆಗಲು. ಎಲ್ಲಾರೂ ಪ್ರೀತಿಲೇನ ಎತ್ಕೊಳ್ಳೋದು, ಬ್ಯಾಡ ಅಂದ್ರ ಸಿಟ್ಟಾಗ್ತಾರ. ನಾ ಏನ್ ಮಾಡ್ದೆ, ನಡು ಮನ್ಯಾಗಿನ ಟೀಪಾಯಿ ತಗದ ಒಗದು ಒಂದು ದೊಡ್ಡ ಜಮಖಾನ ಹಾಸಿದೆ, ಅವ್ವಗ ಹೇಳಿದೆ, ಅವ್ವಾ ನೀನೂ ಕೆಳಗ ಬಾ, ಎತ್ಕೋಬ್ಯಾಡ, ಕೂಸಿನ ಮುಂದ ಕುಂತು ಬಳಿ ಸಪ್ಪಳ ಮಾಡು ಅಂತ. ಮಣಕಾಲು ನೋವು ಅಂತ ಗೊಣಗಿದ್ಲು, ಆದ್ರ ಬಂದ್ಲು.

ಮತ್ತ ನಿಮ್ಮ ಹುಡುಗಿಗೆ ಫ್ರಾಕ್ ಹಾಕಿರೇನು? ಅದನ್ನ ನೋಡ್ರಿ ಮೊದಲ. ನಮ್ಮಾಕಿಗೆ ನಮ್ಮ ಅಕ್ಕ ಉದ್ದನ್ನ ಫ್ರಾಕ್ ತಂದ ಕೊಟ್ಟಿದ್ಲು. ಮುಂದಕ್ಕ ಬಾಗಿ ಮಣಕಾಲ ಊರಿದ್ಲಂದ್ರ ಫ್ರಾಕಿನ ಅಂಚು ಮಣಕಾಲ ಬುಡಕ ಸಿಗ್ತಿತ್ತು, ಮುಂದಿನ ಹೆಜ್ಜಿ ಇಡಾಕ ಹೋದ್ರ ಕುತಿಗಿ ಜಗ್ಗಿದಂಗಾಗಿ ಮೂಗ ಕೆಳಗ ಮಾಡಿ ಬೀಳ್ತಿದ್ಲು, ನಾಕ್ ಸಲ ಬಿದ್ದ ಮ್ಯಾಲೆ ಅಕಿನ ಬ್ಯಾಡ ಅಂತ ಬಿಟ್ಲು. ಚಡ್ಡಿ ಬನಿಯನ್ ಹಾಕಿ ಬಿಟ್ರ ಚಲೋ. ಕಾಲಾಗ ಸಾಕ್ಸ್ ಬ್ಯಾಡ, ಈ ಬೆಂಗಳೂರಿನ ಟೈಲ್ಸ್ ಮ್ಯಾಲೆ ಹೆಬ್ಬೆರಳ ಊರಿ ತಳ್ಳಾಕ ಹಿಡಿತ ಸಿಗಂಗಿಲ್ಲ. ಬರಿಗಾಲಾಗ ಬಿಡ್ರಿ.

ಬೋರಲ ಹಾಕಿದ್ರ ಅಳ್ತಾಳ ಅಂದ್ರ ನೆಲದ ಮ್ಯಾಲೆ ಹಾಕಬ್ಯಾಡ್ರಿ, ನೀವ ಮಲ್ಕೊಂಡು ನಿಮ್ಮ ಎದಿ ಮ್ಯಾಲೆ ಹಾಕ್ಕೋರಿ. ನಿಮ್ಮ ಮಾರಿ ನೋಡ್ಕೋಂತ ಕುತಿಗಿ ಎತ್ತತಾಳ. ಎಚ್ಚರ ಇದ್ದಾಗ ಅಷ್ಟ ರೀ, ನಿದ್ದಿ ಹತ್ತಿದ ಕೂಸನ್ನ ಬೆನ್ನ ಮ್ಯಾಲೆನ ಮಲಗಿಸಬೇಕು.

ವಾಕರ್ ಬದ್ಲಿ ಮುಂದ ಗ್ವಾಡಿ ಹಿಡದು ಎದ್ದ ನಿಲ್ಲಾಕ ಹತ್ತಿದ ಮ್ಯಾಲೆ ಮೂರು ಗಾಲಿ ಕಟ್ಟಿಗಿ ಗಾಡಿ ತರ್ರಿ, ಚನ್ನಪಟ್ಟಣದ್ದು ಸಿಗ್ತದಲ್ಲ, ಹಾಲೆ ಮರದ್ದು, ಅರಗಿನ ಬಣ್ಣದ್ದು. ಅದ್ರಾಗ ಕೂಸು ಒಳಗ ಕೂಡಂಗಿಲ್ಲ, ಹಿಂದ ನಿಂತು ದೂಡ್ತದ. ತನ್ನ ಭಾರ ತಾನ ಹೊರಬೇಕು. ನೆಲಾ ಭಾಳ ನುಣುಪಿದ್ರ ಗಾಡಿ ಮುಂದ ಓಡಿ ಕೂಸು ಹಿಂದ ಉಳಿತದ, ಅದಕ್ಕ ಗಾಡಿಗೊಂದು ಹಗ್ಗಾ ಕಟ್ಟಿ ನಾವ ಹಿಡ್ಕೊಂಡಿರಬೇಕು. ಒಬ್ಬಾಕಿನ್ನ ಬಿಟ್ಟು ಹೋಗಬ್ಯಾಡ್ರಿ.

ಕುಂದಾಪ್ರದಕ್ಕ:

ಈಗ ಗೊತ್ತಾಯ್ತು ರಾಗಿ ಯಾಕೆ ಆಚೆ ಬರ್ತದೆ ಅಂತ. ನೀರಾಗಿದ್ರೆ ನಾಲಿಗೆ ಮೇಲೆ ನಿಲ್ಲೂದೇ ಇಲ್ಲ, ಅದಕ್ಕೆ ಹಾಲು ಚೀಪೂ ಹಾಗೆ ಚೀಪ್ತದೆ, ಅರ್ಧ ಗಲ್ಲಕ್ಕೆ ಹೋಗ್ತದೆ. ಚಮಚ ಓರೆ ಮಾಡಿದ್ರೆ ತಟ್ಟನೆ ಸುರೀಬಾರ್ದು, ನಿಧಾನ ಜಾರ್ಬೇಕು, ಅಷ್ಟು ಗಟ್ಟಿ ಇರ್ಲಿ. ತಣ್ಣೀರಲ್ಲಿ ಮೊದ್ಲು ಹಿಟ್ಟು ಕದಡಿ ಆಮೇಲೆ ಒಲೆಗಿಡಿ, ಗಂಟಾಗೂದಿಲ್ಲ, ಕಂದು ಬಣ್ಣ ಗಾಢ ಆಗಿ ಹೊಳಪು ಬರೂ ತನಕ ಕೈ ಬಿಡದೆ ತಿರುಗಿಸಿ. ಇಳಿಸಿದ ಮೇಲೆ ಅರ್ಧ ಚಮಚ ತುಪ್ಪ. ಉಪ್ಪು ಬೆಲ್ಲ ಏನೂ ಬೇಡ ಈಗ. ನಮ್ಮ ಬದಿಯಲ್ಲಿ ತೆಂಗಿನ ಹಾಲು ಹಾಕಿ ಮಣ್ಣಿ ಮಾಡ್ತೇವೆ, ಅದು ಸ್ವಲ್ಪ ದಿನ ಹೋಗ್ಲಿ.

ಅಮ್ಮ ಮೊಳಕೆ ಬರಿಸಿ ಮಾಡಿದ್ದಾ, ಸುಮ್ನೆ ಹುರಿದು ಬೀಸಿದ್ದಾ ಕೇಳಿ. ಮೊಳಕೆ ಹಿಟ್ಟಾದ್ರೆ ಅಷ್ಟೇ ನೀರಿಗೆ ಜಾಸ್ತಿ ಹಿಟ್ಟು ಹಿಡೀತದೆ, ಮೊಳಕೆ ಬರುವಾಗ ಅದರ ಗಂಜಿ ಒಡೀತದಂತೆ, ಹಾಗಾಗಿ ಬೇಯಿಸಿದ್ರೆ ಅಂಟಂಟು ಆಗೂದಿಲ್ಲ. ಮಗುವಿನ ಹೊಟ್ಟೆ ಇರೂದು ಮುಷ್ಟಿಯಷ್ಟು, ಅದರೊಳಗೆ ನೀರು ತುಂಬಿಸಿದ್ರೆ ಎಂತ ಬಂತು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯವರು ಇದೇ ಮೊಳಕೆ ರಾಗಿ ಇಟ್ಕೊಂಡು ಮಕ್ಕಳ ಆಹಾರದ ಮೇಲೆ ಎಷ್ಟೋ ಕೆಲಸ ಮಾಡಿದ್ದಾರೆ. ನಮ್ಮ ಅಜ್ಜಿಯಂದಿರಿಗೆ ಅವರಿಗಿಂತ ಮುಂಚೆ ಗೊತ್ತಿತ್ತು, ಅದು ಬೇರೆ ಮಾತು. ಬೀಸಿದ ಮೇಲೆ ತೆಳ್ಳಗಿನ ಹಳೇ ಪಂಚೆಯಲ್ಲಿ ಸೋಸಿ, ಸಿಪ್ಪೆ ಉಳಿದ್ರೆ ಕೆಲವು ಮಕ್ಕಳಿಗೆ ಹೊಟ್ಟೆ ಕಟ್ತದೆ.

ಸಿಸ್ಟರ್_ಚಿತ್ರದುರ್ಗ:

ಅಕ್ಕ ಹೇಳಿದ್ದು ಸರಿ. ಇನ್ನೊಂದು ಸೇರಿಸ್ತೀನಿ, ರಾಗಿ ಒಂದನ್ನೇ ನಂಬಿ ಕೂರಬೇಡಿ. ರಾಗೀಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಆದ್ರೆ ಅದರಲ್ಲಿರೋ ಕಬ್ಬಿಣ ಮೈಗೆ ಹತ್ತೋದು ಕಮ್ಮಿ. ಬೇಳೆ ಕಟ್ಟು ಅಲ್ಲ, ಬೇಳೆನೇ ನುಣ್ಣಗೆ ಹಿಸುಕಿ ಅನ್ನದ ಜೊತೆ ಕೊಡಿ. ಸೊಪ್ಪು, ಕ್ಯಾರೆಟ್, ಬಾಳೆಹಣ್ಣು, ನಿಮ್ಮಲ್ಲಿ ತಿನ್ನೋದಾದ್ರೆ ಚೆನ್ನಾಗಿ ಬೇಯಿಸಿದ ಮೊಟ್ಟೆ. ಈ ವಯಸ್ಸಿಗೆ ದಿನಕ್ಕೆ ಎರಡು ಮೂರು ಸಲ, ಎರಡು ಚಮಚದಿಂದ ಶುರು ಮಾಡಿ 250 ಎಂಎಲ್ ಬಟ್ಟಲಲ್ಲಿ ಅರ್ಧದ ತನಕ, ಎದೆಹಾಲು ಜೊತೆಗೆ ಇದ್ದೇ ಇರಲಿ. ಆರು ತಿಂಗಳ ಮೇಲಿನ ಮಕ್ಕಳಿಗೆ ಸರ್ಕಾರದ್ದು ಕಬ್ಬಿಣಾಂಶದ ಸಿರಪ್ ಬರುತ್ತೆ, ವಾರಕ್ಕೆ ಎರಡು ಸಲ ಒಂದು ಎಂಎಲ್, ಆಶಾ ಕೊಡ್ತಾರೆ. ನಿಮ್ಮದು ದಿನಕ್ಕೆ ಮುಂಚೆ ಹುಟ್ಟಿದ ಮಗು, ಡಾಕ್ಟರ್ ಆಗ್ಲೇ ಐರನ್ ಡ್ರಾಪ್ಸ್ ಬರೆದಿರಬಹುದು, ಹಾಗಿದ್ರೆ ಎರಡೂ ಒಟ್ಟಿಗೆ ಹಾಕಬೇಡಿ, ಕೇಳಿ ಒಂದನ್ನ ಇಟ್ಕೊಳ್ಳಿ.

ಚಿನ್ನುಅಮ್ಮ_ಅರಸೀಕೆರೆ:

ಡ್ರಾಪ್ಸ್ ಬರೆದಿದಾರೆ ಸಿಸ್ಟರ್, ಹಾಕ್ತಿದೀನಿ. ಅಮ್ಮನ್ನ ಕೇಳ್ದೆ, ಮೊಳಕೆ ಬರಿಸಿದ್ದೇ ಅಂತೆ, "ಮತ್ತೆ ನೀರು ಮಾಡಿ ಕೊಡು ಅಂತ ಯಾರು ಹೇಳಿದ್ದು ನಿಂಗೆ" ಅಂತ ಬೈಸಿಕೊಂಡಿದ್ದೂ ಆಯ್ತು. ಬೆಳಿಗ್ಗೆ ಸ್ವಲ್ಪ ಗಟ್ಟಿ ಮಾಡಿ ತುಪ್ಪ ಹಾಕಿ ಕೊಟ್ಟೆ, ಮೂರು ಚಮಚ ಒಳಗೆ ಹೋಯ್ತು, ನಾಲ್ಕನೇದು ನನ್ನ ಕನ್ನಡಕದ ಮೇಲೆ.

ಧಾರವಾಡದವರೇ, ಫ್ರಾಕ್ ವಿಷಯ ಕರೆಕ್ಟ್, ನಾಮಕರಣಕ್ಕೆ ಬಂದಿದ್ದೆಲ್ಲ ಫ್ರಾಕೇ. ಚಡ್ಡೀಲಿ ಬಿಟ್ಟಿದೀನಿ. ಮಂಡಿ ಇನ್ನೂ ಊರಿಲ್ಲ, ಜರುಗೋದು ಮಾತ್ರ ಜೋರಾಗಿದೆ, ನಂಗೀಗ ಅದರ ಚಿಂತೆ ಅಷ್ಟಿಲ್ಲ.

ಈಗ ಇರೋ ತಲೆನೋವು ವಾಕರ್. ಅದು ಬಂದು ಹಾಲಲ್ಲಿ ಕೂತಿದೆ ಡಬ್ಬ ಸಮೇತ. ವಾಪಸ್ ಕಳಿಸಿದ್ರೆ ಮೈದುನ ಬೇಜಾರ್ ಮಾಡ್ಕೋತಾನೆ, ಅವನ ಮೊದಲ ಸಂಬಳದಲ್ಲಿ ತರಿಸಿದ್ದು ಪಾಪ.

ಟೊರಾಂಟೋ_ಅಪ್ಪ:

ಡಬ್ಬ ಒಡೀದೆ ಇದ್ರೆ ಎಕ್ಸ್‌ಚೇಂಜ್ ಹಾಕಿ, ವಾಪಸ್ ಅಂತ ಅನ್ನಬೇಡಿ. ಅದೇ ದುಡ್ಡಿಗೆ ಬೇರೆ ಏನಾದ್ರೂ ಅವನ ಕೈಲೇ ಆರಿಸಿ ಅಂತ ಹೇಳಿ, ಊಟದ ಎತ್ತರದ ಕುರ್ಚಿ ಥರದ್ದು. ದಿನಾ ಮೂರು ಹೊತ್ತು ಬಳಸ್ತೀರಾ, ಚಿಕ್ಕಪ್ಪ ಕೊಡಿಸಿದ್ದು ಅಂತ ಬಂದವರಿಗೆಲ್ಲ ತೋರಿಸಬಹುದು. ಬೆಲ್ಟ್ ಇರೋದನ್ನೇ ನೋಡಿ ತಗೊಳ್ಳಿ.

ಮಂಡ್ಯದ್_ಹೈದ:

ಎಕ್ಸ್‌ಚೇಂಜ್ ಆಗ್ನಿಲ್ಲ ಅಂದ್ರೆ ಚಕ್ರ ಬಿಚ್ಚಾಕು ಅಕ್ಕ, ಮುಂದ್ಗಡೆ ಮ್ಯೂಸಿಕ್ ಬರೋ ಪ್ಲೇಟು ಬ್ಯಾರೆ ಕಳಚ್ಕಂಡು ಬತ್ತದೆ, ನಾಕು ಸ್ಕ್ರೂ ಅಷ್ಟೇಯ. ಅದನ್ನ ಜಮಖಾನದ ಮೇಲೆ ಮಡಗಿದ್ರೆ ಅದರ ಹಿಂದೆನೇ ಜರುಗ್ತಾಳೆ ನಿನ್ ಮಗಳು. ಸೆಲ್ ಹಾಕೋ ಮುಚ್ಚಳ ಮಾತ್ರ ಟೈಟಾಗಿ ಸ್ಕ್ರೂ ಹೊಡಿ, ಬಟನ್ ಸೆಲ್ ಏನಾದ್ರೂ ಇದ್ರೆ ನುಂಗಿಬುಡ್ತವೆ. ಒಳ್ಳೇ ಸ್ಟಾರ್ ಸ್ಕ್ರೂಡ್ರೈವರ್ ಬೇಕು, ಮನೇಲಿರೋ ಚಾಕೂಲಿ ಟ್ರೈ ಮಾಡಬ್ಯಾಡ.